ನ್ಯಾನೊನಳಿಕೆಯ ವಿದ್ಯುತ್ ಗುಣ: ಕ್ಷೇತ್ರಗಳೂ ದೋಷಗಳೂ ಕಲಿಸಿದ ಪಾಠ

ಪದವಿ ತರಗತಿಯಲ್ಲಿ ಘನಸ್ಥಿತಿ ಭೌತವಿಜ್ಞಾನದ ಪಾಠ ಆರಂಭಿಸುವಾಗ ನಾವು ಮೊದಲು ಕಪ್ಪುಹಲಗೆಯ ಮೇಲೆ ಒಂದು ಪಟ್ಟಿ ಬರೆಯುತ್ತೇವೆ. ತಾಮ್ರ, ಬೆಳ್ಳಿ ವಾಹಕಗಳು. ಸಿಲಿಕಾನ್, ಜರ್ಮೇನಿಯಮ್ ಅರೆವಾಹಕಗಳು. ಗಾಜು, ರಬ್ಬರು ಅವಾಹಕಗಳು. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಸರ್, ಕಾರ್ಬನ್ ನ್ಯಾನೊನಳಿಕೆಯನ್ನು ಇದರಲ್ಲಿ ಎಲ್ಲಿ ಬರೆಯಬೇಕು?" ಎಂದು ಕೇಳಿದಳು. ನಾನು ಉತ್ತರದ ಬದಲು ಪ್ರಶ್ನೆಗಳನ್ನೇ ಹೇಳಿದೆ. ಯಾವ ನಳಿಕೆ? ಅದನ್ನು ಯಾವ ದಿಕ್ಕಿನಲ್ಲಿ ಸುತ್ತಿದೆ? ಅದು ಯಾವುದರ ಮೇಲೆ ಮಲಗಿದೆ? ಸುತ್ತ ಗಾಳಿಯಿದೆಯೋ, ನಿರ್ವಾತವೋ? ಕಾಂತಕ್ಷೇತ್ರವೇನಾದರೂ ಇದೆಯೇ? ಅದರ ಮೈಯಲ್ಲಿ ಎಷ್ಟು ಪರಮಾಣುಗಳು ಕಳೆದುಹೋಗಿವೆ?

ತರಗತಿ ನಕ್ಕಿತು. ಆದರೆ ಅದು ತಮಾಷೆಯ ಮಾತಾಗಿರಲಿಲ್ಲ. ಒಂದು ತಾಮ್ರದ ತಂತಿಯಲ್ಲಿ ಬಹುಪಾಲು ಪರಮಾಣುಗಳು ಒಳಗೆ ಅಡಗಿರುತ್ತವೆ. ಹೊರಮೈಯ ಮೇಲೆ ಏನು ಅಂಟಿದರೂ ಒಳಗೆ ಹರಿಯುವ ವಿದ್ಯುತ್ತಿಗೆ ಹೆಚ್ಚಿನ ಬಾಧೆಯಿಲ್ಲ. ಏಕಭಿತ್ತಿಯ ಇಂಗಾಲ ನಳಿಕೆಗೆ 'ಒಳಗು' ಎಂಬುದೇ ಇಲ್ಲ. ಅದರ ಪ್ರತಿಯೊಂದು ಪರಮಾಣುವೂ ಹೊರಮೈಯಲ್ಲೇ ಇದೆ. ಆದ್ದರಿಂದ ಹೊರಗಿನ ಕ್ಷೇತ್ರ, ಮೇಲೆ ಕುಳಿತ ಅಣು, ತಪ್ಪಿಹೋದ ಒಂದು ಪರಮಾಣು ಇವೆಲ್ಲ ಅದರ ವಿದ್ಯುತ್ ಗುಣದ ಭಾಗಗಳೇ ಆಗುತ್ತವೆ. ವಿಜ್ಞಾನಿಗಳಿಗೆ ಇದು ಮನದಟ್ಟಾಗಲು ಒಂದು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ದಾರಿಯನ್ನು ಇಲ್ಲಿ ನೋಡೋಣ.

ಸುತ್ತುವಿಕೆಯ ಲೆಕ್ಕ

ನಳಿಕೆಯ ಆಕಾರದ ಇಂಗಾಲವನ್ನು ಮೊದಲು ಕಂಡವರು ಯಾರು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. 1952ರಲ್ಲೇ ಸೋವಿಯತ್ ಒಕ್ಕೂಟದ ರಾದುಷ್ಕೆವಿಚ್ ಮತ್ತು ಲುಕ್ಯಾನೊವಿಚ್ ಸುಮಾರು 50 ನ್ಯಾನೊಮೀಟರ್ ದಪ್ಪದ ಟೊಳ್ಳು ಇಂಗಾಲದ ಎಳೆಗಳ ಚಿತ್ರಗಳನ್ನು ರಷ್ಯನ್ ಭಾಷೆಯಲ್ಲಿ ಪ್ರಕಟಿಸಿದ್ದರು. 1976ರಲ್ಲಿ ಒಬರ್ಲಿನ್, ಎಂಡೊ ಮತ್ತು ಕೊಯಾಮ ಇಂತಹ ಎಳೆಗಳನ್ನು ವರ್ಣಿಸಿದರು. ಆದರೆ ಜಗತ್ತಿನ ಗಮನ ಹರಿದದ್ದು 1991ರ ನವೆಂಬರ್‌ನಲ್ಲಿ. ಜಪಾನಿನ ಎನ್‌ಇಸಿ ಸಂಸ್ಥೆಯ ಸುಮಿಯೊ ಇಜಿಮ ಅವರು ಒಂದರೊಳಗೊಂದು ಕುಳಿತ ಇಂಗಾಲದ ನಳಿಕೆಗಳ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಚಿತ್ರಗಳನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಪರಮಾಣುಗಳು ನಳಿಕೆಯ ಸುತ್ತ ತಿರುಪಿನಂತೆ ಓರೆಯಾಗಿ ಸುತ್ತಿಕೊಂಡಿರುವುದನ್ನೂ ಅವರು ಗುರುತಿಸಿದ್ದರು.

ಈ ಓರೆಯೇ ಮುಂದಿನ ಕಥೆಯ ಕೀಲಿಕೈ. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್ ಪದರಪದರವಾಗಿರುವುದು ನಿಮಗೆ ಗೊತ್ತು. ಒಂದೊಂದು ಪದರದಲ್ಲೂ ಪರಮಾಣುಗಳು ಜೇನುಗೂಡಿನಂತೆ ಷಡ್ಭುಜಗಳಲ್ಲಿ ಜೋಡಣೆಗೊಂಡಿರುತ್ತವೆ. 1947ರಲ್ಲಿ ಪಿ.ಆರ್. ವ್ಯಾಲೇಸ್ ಇಂತಹ ಪದರದಲ್ಲಿ ಎಲೆಕ್ಟ್ರಾನ್‌ಗಳ ಶಕ್ತಿಯನ್ನು ಲೆಕ್ಕಹಾಕಿ, ಕೆಲವೇ ವಿಶೇಷ ತರಂಗಗಳಿಗೆ ಮಾತ್ರ ಶಕ್ತಿ ಅಂತರ ಶೂನ್ಯವಾಗುತ್ತದೆ ಎಂದು ತೋರಿಸಿದ್ದರು. ಈ ಪದರವನ್ನು ಸುತ್ತಿ ನಳಿಕೆ ಮಾಡಿದರೆ ಏನಾದೀತು?

ಚಿತ್ತಾರದ ಬಟ್ಟೆಯೊಂದನ್ನು ಸುತ್ತಿ ಅಂಚಿಗೆ ಅಂಚು ಸೇರಿಸಿ ಹೊಲಿಯುವುದನ್ನು ಊಹಿಸಿಕೊಳ್ಳಿ. ಹೊಲಿಗೆಯ ಬಳಿ ಚಿತ್ತಾರ ಸರಿಯಾಗಿ ಕೂಡಬೇಕು. ನಳಿಕೆಯಲ್ಲಿ ಎಲೆಕ್ಟ್ರಾನ್ ತರಂಗಕ್ಕೂ ಇದೇ ಕಟ್ಟಳೆ: ಒಂದು ಸುತ್ತು ಬಂದ ಮೇಲೆ ತರಂಗ ತನ್ನೊಡನೆ ತಾನೇ ಹೊಂದಿಕೊಳ್ಳಬೇಕು. ವ್ಯಾಲೇಸ್ ಹೇಳಿದ ವಿಶೇಷ ತರಂಗದ ಚಿತ್ತಾರ ಮೂರು ಹೆಜ್ಜೆಗೊಮ್ಮೆ ಪುನರಾವರ್ತನೆಯಾಗುತ್ತದೆ. ಹಾಗಾಗಿ ಮೂರರಲ್ಲಿ ಒಂದು ಬಗೆಯ ಸುತ್ತುವಿಕೆಯಲ್ಲಿ ಮಾತ್ರ ಅದು ಕೂಡುತ್ತದೆ. ಆಗ ನಳಿಕೆ ಲೋಹದಂತೆ ವರ್ತಿಸುತ್ತದೆ. ಉಳಿದ ಎರಡರಲ್ಲಿ ಅದು ಅರೆವಾಹಕ. ಸುತ್ತುವಿಕೆಯನ್ನು ಸೂಚಿಸುವ ಎರಡು ಪೂರ್ಣಾಂಕಗಳ ವ್ಯತ್ಯಾಸ 3ರಿಂದ ಭಾಗವಾಗುತ್ತದೆಯೇ ಎಂದು ನೋಡಿದರೆ ಸಾಕು, ನಳಿಕೆಯ ಗುಣ ತಿಳಿಯುತ್ತದೆ.

1992ರಲ್ಲಿ ಮೂರು ತಂಡಗಳು ಬೇರೆಬೇರೆಯಾಗಿ ಇಂತಹ ಲೆಕ್ಕಗಳನ್ನು ಪ್ರಕಟಿಸಿದವು. ಅಮೆರಿಕದ ಮಿಂಟ್‌ಮೈರ್, ಡನ್‌ಲ್ಯಾಪ್ ಮತ್ತು ವೈಟ್ ಕೆಲವು ನಳಿಕೆಗಳು ಲೋಹವಾಗಿರಬೇಕೆಂದರು. ಜಪಾನಿನ ಹಮಡ, ಸವಡ ಮತ್ತು ಒಶಿಯಾಮ ಹಾಗೂ ಸೈಟೊ, ಫುಜಿಟ ಮತ್ತು ಡ್ರೆಸೆಲ್‌ಹಾಸ್ ದಂಪತಿ ಸುತ್ತುವಿಕೆಗೂ ವಿದ್ಯುತ್ ಗುಣಕ್ಕೂ ಇರುವ ನಂಟನ್ನು ವಿವರಿಸಿದರು. ಆಗ ಯಾರ ಕೈಯಲ್ಲೂ ಒಂದೇ ಭಿತ್ತಿಯ ನಳಿಕೆ ಇರಲಿಲ್ಲ ಎಂಬುದು ಗಮನಾರ್ಹ. ಅದು ದೊರೆತದ್ದು ಮರುವರ್ಷ. ಇಜಿಮ ಮತ್ತು ಇಚಿಹಾಶಿ ಒಂದೆಡೆ, ಐಬಿಎಂ ಸಂಸ್ಥೆಯ ಬೆಥ್ಯೂನ್ ಮತ್ತು ಸಂಗಡಿಗರು ಇನ್ನೊಂದೆಡೆ, 1993ರಲ್ಲಿ ಒಂದೇ ಸಂಚಿಕೆಯಲ್ಲಿ ಅದನ್ನು ವರದಿ ಮಾಡಿದರು.

ಕಾಂತಕ್ಷೇತ್ರದ ಒಗಟು

1993ರಲ್ಲೇ ಹಿರೊಶಿ ಅಜಿಕಿ ಮತ್ತು ತ್ಸುನೆಯ ಆಂಡೊ ಇನ್ನೂ ವಿಚಿತ್ರವಾದ ಮಾತೊಂದನ್ನು ಹೇಳಿದರು. ನಳಿಕೆಯ ಉದ್ದಕ್ಕೆ ಸಮಾಂತರವಾಗಿ ಕಾಂತಕ್ಷೇತ್ರವನ್ನು ಹಾಯಿಸಿದರೆ ಲೋಹದ ನಳಿಕೆ ಅರೆವಾಹಕವಾಗುತ್ತದೆ, ಕ್ಷೇತ್ರವನ್ನು ಇನ್ನೂ ಹೆಚ್ಚಿಸಿದರೆ ಮತ್ತೆ ಲೋಹವಾಗುತ್ತದೆ! ಕಾರಣ, 1959ರಲ್ಲಿ ಅಹರೊನೊವ್ ಮತ್ತು ಬೋಮ್ ವಿವರಿಸಿದ ಕ್ವಾಂಟಮ್ ಪರಿಣಾಮ. ಕಾಂತ ಅಭಿವಾಹವನ್ನು ಸುತ್ತುವರಿದು ಬರುವ ಎಲೆಕ್ಟ್ರಾನ್ ತರಂಗದ ಪ್ರಾವಸ್ಥೆ ಬದಲಾಗುತ್ತದೆ. ನಮ್ಮ ಬಟ್ಟೆಯ ಉದಾಹರಣೆಯಲ್ಲಿ ಹೇಳುವುದಾದರೆ, ಕಾಂತಕ್ಷೇತ್ರ ಹೊಲಿಗೆಯ ಒಂದು ಅಂಚನ್ನು ಸ್ವಲ್ಪ ಸರಿಸುತ್ತದೆ. ಕೂಡಿದ್ದ ಚಿತ್ತಾರ ಕೆಡುತ್ತದೆ. ಪೂರ್ತಿ ಒಂದು ಚಿತ್ತಾರದಷ್ಟು ಸರಿದಾಗ ಮತ್ತೆ ಕೂಡುತ್ತದೆ.

ಒಂದು ಪೂರ್ತಿ ಆವರ್ತಕ್ಕೆ ಬೇಕಾದ ಅಭಿವಾಹವೆಂದರೆ ಪ್ಲಾಂಕ್ ಸ್ಥಿರಾಂಕವನ್ನು ಎಲೆಕ್ಟ್ರಾನಿನ ವಿದ್ಯುದಂಶದಿಂದ ಭಾಗಿಸಿದಷ್ಟು. ಇದನ್ನು ನಳಿಕೆಯ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿ ನೋಡಿ. 1.4 ನ್ಯಾನೊಮೀಟರ್ ವ್ಯಾಸದ ನಳಿಕೆಗೆ ಸುಮಾರು 2,700 ಟೆಸ್ಲಾ ಕ್ಷೇತ್ರ ಬೇಕು. ಪ್ರಯೋಗಾಲಯಗಳಲ್ಲಿ ಸ್ಥಿರವಾಗಿ ದೊರೆಯುವ ಅತಿ ಬಲವಾದ ಕ್ಷೇತ್ರ ಕೆಲವು ಹತ್ತು ಟೆಸ್ಲಾಗಳಷ್ಟೆ. ಆದರೆ 30 ನ್ಯಾನೊಮೀಟರ್ ವ್ಯಾಸದ ದಪ್ಪ ನಳಿಕೆಗೆ 6 ಟೆಸ್ಲಾ ಸಾಕು. ಹಾಗಾಗಿ ಪ್ರಯೋಗಕಾರರು ಬಹುಭಿತ್ತಿಯ ನಳಿಕೆಗಳತ್ತ ತಿರುಗಿದರು.

1999ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಶೋನೆನ್‌ಬರ್ಗರ್ ಅವರ ತಂಡದ ಬ್ಯಾಕ್ಟೋಲ್ಡ್ ಮತ್ತು ಸಂಗಡಿಗರು ಅಂತಹ ನಳಿಕೆಯ ರೋಧ ಕಾಂತಕ್ಷೇತ್ರದೊಡನೆ ಏರಿಳಿಯುವುದನ್ನು ಅಳೆದರು. ಆಂದೋಲನ ಇತ್ತು, ಆದರೆ ಅದರ ಆವರ್ತ ಅಜಿಕಿ-ಆಂಡೊ ಲೆಕ್ಕದ ಅರ್ಧದಷ್ಟಿತ್ತು! ಏಕೆ? ಆ ನಳಿಕೆಯಲ್ಲಿ ದೋಷಗಳಿದ್ದವು. ದೋಷಗಳಿಗೆ ತಾಗಿ ಅಲೆದಾಡುವ ಎಲೆಕ್ಟ್ರಾನ್ ತರಂಗ ನಳಿಕೆಯನ್ನು ಎರಡೂ ದಿಕ್ಕಿನಲ್ಲಿ ಸುತ್ತಿ ಬಂದು ತನ್ನನ್ನು ತಾನೇ ಸಂಧಿಸುತ್ತದೆ. ಆಗ ಪ್ರಾವಸ್ಥೆಯ ವ್ಯತ್ಯಾಸ ಇಮ್ಮಡಿಯಾಗಿ, ಆವರ್ತ ಅರ್ಧವಾಗುತ್ತದೆ. ದೋಷಯುಕ್ತ ಲೋಹಗಳಲ್ಲಿ ಈ ಪರಿಣಾಮವನ್ನು 1981ರಲ್ಲೇ ಸೋವಿಯತ್ ಭೌತವಿಜ್ಞಾನಿಗಳಾದ ಆಲ್ಟ್‌ಷುಲರ್, ಆರೊನೊವ್ ಮತ್ತು ಸ್ಪಿವಾಕ್ ಊಹಿಸಿದ್ದರು. ಕ್ಷೇತ್ರದ ಪ್ರಶ್ನೆಗೆ ದೋಷ ಉತ್ತರ ಕೊಟ್ಟಿತ್ತು. ಎರಡನ್ನೂ ಬೇರೆಬೇರೆಯಾಗಿ ನೋಡಲು ಸಾಧ್ಯವಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಮೂಲ ಊಹೆ ದೃಢಪಟ್ಟದ್ದು 2004ರಲ್ಲಿ. ಅಮೆರಿಕದ ಜಾರಿಕ್ ಮತ್ತು ಸಂಗಡಿಗರು 45 ಟೆಸ್ಲಾವರೆಗಿನ ಕ್ಷೇತ್ರದಲ್ಲಿ ತೆಳು ನಳಿಕೆಗಳ ಬೆಳಕಿನ ರೋಹಿತ ಬದಲಾಗುವುದನ್ನು ಕಂಡರು. ಇಡೀ ಆವರ್ತವನ್ನಲ್ಲದಿದ್ದರೂ ಅದರ ಮೊದಲ ಹೆಜ್ಜೆಯನ್ನು ಅವರು ಹಿಡಿದಿದ್ದರು. 'ಸೈನ್ಸ್' ಪತ್ರಿಕೆಯ ಅದೇ ಸಂಚಿಕೆಯಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ತಂಡವೊಂದು ದಪ್ಪ ನಳಿಕೆಯ ಶಕ್ತಿ ಅಂತರ ಪೂರ್ಣ ಆವರ್ತದೊಡನೆ ಏರಿಳಿಯುವುದನ್ನು ವರದಿ ಮಾಡಿತು. ಈ ಪ್ರಬಂಧದ ಲೇಖಕರಲ್ಲಿ ಒಬ್ಬರು ಸ್ಮಿತಾ ವಿಶ್ವೇಶ್ವರ. ಕಪ್ಪು ಕುಳಿಗಳ ಸಂಶೋಧನೆಗೆ ಹೆಸರಾದ, ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದ ಸಿ.ವಿ. ವಿಶ್ವೇಶ್ವರ ಅವರ ಮಗಳು. ಊಹೆಯಿಂದ ಅಳತೆಗೆ ಬರಲು 11 ವರ್ಷ ಹಿಡಿದಿತ್ತು.

ವಿದ್ಯುತ್ ಕ್ಷೇತ್ರ: ಕೀಲಿ ಎಲ್ಲಿದೆ?

ಇಷ್ಟರಲ್ಲಿ ಒಂಟಿ ನಳಿಕೆಯೊಂದಕ್ಕೆ ವಿದ್ಯುದಗ್ರಗಳನ್ನು ಜೋಡಿಸುವ ಕಲೆ ಕೈಗೂಡಿತ್ತು. 1996ರಲ್ಲಿ ರಿಚರ್ಡ್ ಸ್ಮಾಲಿ ಅವರ ತಂಡ ಲೇಸರ್ ಬಳಸಿ ಒಳ್ಳೆಯ ಏಕಭಿತ್ತಿ ನಳಿಕೆಗಳನ್ನು ಹೇರಳವಾಗಿ ತಯಾರಿಸಿತು. 1997ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಸೀಸ್ ಡೆಕ್ಕರ್ ಅವರ ತಂಡ ಒಂಟಿ ನಳಿಕೆಯ ಮೂಲಕ ವಿದ್ಯುತ್ತನ್ನು ಹರಿಸಿತು. 1998ರ ಮೊದಲ ದಿನವೇ ಪ್ರಕಟವಾದ 'ನೇಚರ್' ಸಂಚಿಕೆಯಲ್ಲಿ ಡೆಲ್ಫ್ಟ್ ಮತ್ತು ಹಾರ್ವರ್ಡ್ ತಂಡಗಳು, ಸುತ್ತುವಿಕೆಯ ಲೆಕ್ಕ ನಿಜವೆಂದು ಪರಮಾಣುಗಳನ್ನು ಒಂದೊಂದಾಗಿ ಕಾಣಬಲ್ಲ ಸೂಕ್ಷ್ಮದರ್ಶಕದಿಂದ ತೋರಿಸಿದವು. ಅರೆವಾಹಕ ನಳಿಕೆಗಳ ಶಕ್ತಿ ಅಂತರ ಸುಮಾರು ಅರ್ಧ ಎಲೆಕ್ಟ್ರಾನ್ ವೋಲ್ಟ್‌ನಷ್ಟಿತ್ತು.

ಅದೇ ವರ್ಷ ಡೆಲ್ಫ್ಟ್ ತಂಡವೂ, ಐಬಿಎಂನ ಫೇಡನ್ ಅವೂರಿಸ್ ಅವರ ತಂಡವೂ ನಳಿಕೆಯಿಂದ ಟ್ರಾನ್ಸಿಸ್ಟರ್ ಮಾಡಿದವು. ಸಿಲಿಕಾನ್ ಬಿಲ್ಲೆಯ ಮೇಲೆ ಆಕ್ಸೈಡ್ ಪದರ, ಅದರ ಮೇಲೆ ನಳಿಕೆ. ಬಿಲ್ಲೆಗೆ ವೋಲ್ಟೇಜ್ ಕೊಟ್ಟರೆ ಉಂಟಾಗುವ ವಿದ್ಯುತ್ ಕ್ಷೇತ್ರ ನಳಿಕೆಯ ವಾಹಕತೆಯನ್ನು ಬದಲಿಸುತ್ತದೆ. ಐಬಿಎಂ ಸಾಧನದಲ್ಲಿ ಈ ಬದಲಾವಣೆ ಒಂದು ಲಕ್ಷ ಪಟ್ಟಿಗೂ ಹೆಚ್ಚು.

ಕ್ಷೇತ್ರವು ನಳಿಕೆಯ ಉದ್ದಕ್ಕೂ ಕೆಲಸ ಮಾಡುತ್ತಿದೆ ಎಂದೇ ಎಲ್ಲರೂ ಭಾವಿಸಿದ್ದರು. ಆದರೆ 2002ರಲ್ಲಿ ಹೈನ್ಸೆ, ಅವೂರಿಸ್ ಮತ್ತು ಸಂಗಡಿಗರು ಬೇರೆಯದೇ ಚಿತ್ರ ಕೊಟ್ಟರು. ಇಂತಹ ಅನೇಕ ಸಾಧನಗಳಲ್ಲಿ ಕ್ಷೇತ್ರದ ಮುಖ್ಯ ಪ್ರಭಾವ ಇರುವುದು ನಳಿಕೆಯೂ ಲೋಹದ ಅಗ್ರವೂ ಸೇರುವ ಜಾಗದಲ್ಲಿ. ಅಲ್ಲಿರುವ ಷಾಟ್ಕಿ ತಡೆಗೋಡೆ ತೆಳುವಾದರೆ ವಿದ್ಯುತ್ತು ಹರಿಯುತ್ತದೆ, ದಪ್ಪವಾದರೆ ನಿಲ್ಲುತ್ತದೆ. ಗಾಳಿಯಲ್ಲಿನ ಆಕ್ಸಿಜನ್ ಕೂಡ ಈ ಸಂಪರ್ಕದ ಬಳಿಯೇ ಹೆಚ್ಚು ಪರಿಣಾಮ ಬೀರುತ್ತದೆ ಎಂದು ತಿಳಿಯಿತು. ಬಾಗಿಲು ಕಿರುಗುಟ್ಟಿದರೆ ಮನೆಯನ್ನೇ ದೂರಿದಂತಾಗಿತ್ತು! 2003ರಲ್ಲಿ ಸ್ಟ್ಯಾನ್‌ಫರ್ಡ್‌ನ ಹೊಂಗ್‌ಜಿ ಡಾಯಿ ಅವರ ತಂಡ ಪಲ್ಲೇಡಿಯಮ್ ಲೋಹದ ಅಗ್ರಗಳನ್ನು ಬಳಸಿ ಈ ತಡೆಗೋಡೆಯನ್ನು ಬಹುಮಟ್ಟಿಗೆ ಇಲ್ಲವಾಗಿಸಿತು.

ಹಿಂದಕ್ಕೆ ತಿರುಗದ ಎಲೆಕ್ಟ್ರಾನ್

ಇನ್ನು ದೋಷಗಳ ವಿಚಾರ. ತೀರ ತೆಳುವಾದ ತಂತಿಯಲ್ಲಿ ಸಣ್ಣ ಅಡ್ಡಿಯೂ ಎಲೆಕ್ಟ್ರಾನನ್ನು ಹಿಂದಕ್ಕೆ ಕಳಿಸಬೇಕು. ಪಕ್ಕಕ್ಕೆ ಸರಿದು ಹೋಗಲು ಅಲ್ಲಿ ಜಾಗವೇ ಇಲ್ಲ. ಆದರೂ ಲೋಹದ ನಳಿಕೆಗಳು ಅಚ್ಚರಿಯಷ್ಟು ಸರಾಗವಾಗಿ ವಿದ್ಯುತ್ತನ್ನು ಸಾಗಿಸುತ್ತಿದ್ದವು. 1998ರಲ್ಲಿ ಆಂಡೊ ಮತ್ತು ಸಹೋದ್ಯೋಗಿಗಳು ಇದಕ್ಕೆ ವಿವರಣೆ ಕೊಟ್ಟರು. ಗ್ರಾಫೈಟ್ ಪದರದಲ್ಲಿ ಪರಮಾಣುಗಳ ಎರಡು ಗುಂಪುಗಳಿವೆ. ಈ ಎರಡರ ನಡುವೆ ತರಂಗ ಹಂಚಿಕೊಂಡಿರುವ ರೀತಿ ಎಲೆಕ್ಟ್ರಾನಿನ ಚಲನೆಯ ದಿಕ್ಕಿಗೆ ಬಿಗಿಯಾಗಿ ಗಂಟುಬಿದ್ದಿದೆ. ನಿಧಾನವಾಗಿ ಬದಲಾಗುವ ವಿದ್ಯುತ್ ಕ್ಷೇತ್ರ, ಉದಾಹರಣೆಗೆ ಕೆಳಗಿನ ಆಕ್ಸೈಡ್‌ನಲ್ಲಿ ಸಿಕ್ಕಿಬಿದ್ದ ವಿದ್ಯುದಂಶದ ಕ್ಷೇತ್ರ, ಈ ಗಂಟನ್ನು ಬಿಚ್ಚಲಾರದು. ಹಾಗಾಗಿ ಎಲೆಕ್ಟ್ರಾನ್ ಹಿಂದಕ್ಕೆ ತಿರುಗುವುದಿಲ್ಲ.

1999ರಲ್ಲಿ ಬರ್ಕ್‌ಲಿಯ ಮೆಕ್ಯೂಯೆನ್ ಮತ್ತು ಸಂಗಡಿಗರು ಇದನ್ನು ಪ್ರಯೋಗದೊಡನೆ ತಾಳೆ ನೋಡಿದರು. ಲೋಹದ ನಳಿಕೆಯಲ್ಲಿ ಎಲೆಕ್ಟ್ರಾನ್ ಒಂದು ಮೈಕ್ರೊಮೀಟರಿಗೂ ಹೆಚ್ಚು ದೂರ ಅಡ್ಡಿಯಿಲ್ಲದೆ ಸಾಗುತ್ತಿತ್ತು. ಅರೆವಾಹಕ ನಳಿಕೆಯಲ್ಲಿ ಆ ಗಂಟು ಸಡಿಲವಾಗಿರುವುದರಿಂದ ಅದೇ ಬಗೆಯ ಏರುಪೇರು ಎಲೆಕ್ಟ್ರಾನನ್ನು ಬೇಗನೆ ಚದರಿಸುತ್ತಿತ್ತು. ಒಂದೇ ದೋಷ, ಎರಡು ನಳಿಕೆ, ಎರಡು ಫಲ.

ಈ ರಕ್ಷಣೆಗೆ ಮಿತಿಗಳಿವೆ. ನಿಧಾನವಾಗಿ ಏರಿಳಿಯುವ ರಸ್ತೆಯಲ್ಲಿ ಬಸ್ಸು ಹಿಂದಿರುಗುವುದಿಲ್ಲ. ಸೇತುವೆಯ ಹಲಗೆಯೇ ಕಿತ್ತುಹೋಗಿದ್ದರೆ ಕಥೆ ಬೇರೆ. 2005ರಲ್ಲಿ ಸ್ಪೇನಿನ ಗೊಮೆಸ್-ನವಾರೊ ಮತ್ತು ಸಂಗಡಿಗರು ಅಯಾನುಗಳಿಂದ ನಳಿಕೆಗಳನ್ನು ಹೊಡೆದು, ಜೋಡಿ ಪರಮಾಣುಗಳು ಕಳೆದುಹೋದ ತೂತುಗಳನ್ನು ಬೇಕೆಂದೇ ಉಂಟುಮಾಡಿದರು. ಅಂತಹ ತೂತುಗಳ ಪ್ರಮಾಣ ಶೇಕಡಾ 0.03 ಆಗುವಷ್ಟರಲ್ಲಿ 400 ನ್ಯಾನೊಮೀಟರ್ ಉದ್ದದ ತುಂಡಿನ ರೋಧ ಸಾವಿರ ಪಟ್ಟು ಏರಿತು. ಬಲವಾದ ಕ್ಷೇತ್ರವೂ ಇನ್ನೊಂದು ಮಿತಿ. 2000ದಲ್ಲಿ ಯಾವೊ, ಕೇನ್ ಮತ್ತು ಡೆಕ್ಕರ್ ತೋರಿಸಿದಂತೆ, ವೋಲ್ಟೇಜನ್ನು ಎಷ್ಟೇ ಏರಿಸಿದರೂ ಒಂದು ನಳಿಕೆಯ ವಿದ್ಯುತ್ ಪ್ರವಾಹ ಸುಮಾರು 25 ಮೈಕ್ರೊಆಂಪಿಯರ್‌ಗೆ ನಿಂತುಬಿಡುತ್ತದೆ. 0.16 ಎಲೆಕ್ಟ್ರಾನ್ ವೋಲ್ಟ್‌ನಷ್ಟು ಶಕ್ತಿ ಗಳಿಸಿದೊಡನೆ ಎಲೆಕ್ಟ್ರಾನ್ ಅದನ್ನು ಪರಮಾಣುಗಳ ಕಂಪನಕ್ಕೆ ಒಪ್ಪಿಸಿ ಹಿಂದಕ್ಕೆ ಬೀಳುತ್ತದೆ. ಹಾಗಿದ್ದರೂ ಒಂದು ನ್ಯಾನೊಮೀಟರ್ ದಪ್ಪದ ಎಳೆಗೆ ಇದು ಭಾರಿ ಪ್ರವಾಹ!

ಒಳ್ಳೆಯ ನಳಿಕೆಯಲ್ಲಿ ದೋಷಗಳೆಷ್ಟು? 2005ರಲ್ಲಿ ಫಾನ್, ಗೋಲ್ಡ್‌ಸ್ಮಿತ್ ಮತ್ತು ಕಾಲಿನ್ಸ್ ದೋಷವಿರುವ ಜಾಗದಲ್ಲಿ ಮಾತ್ರ ಲೋಹ ಕೂರುವಂತೆ ಮಾಡಿ ಅವನ್ನು ಎಣಿಸಿದರು. ಸರಾಸರಿ 4 ಮೈಕ್ರೊಮೀಟರಿಗೆ ಒಂದು. 1.4 ನ್ಯಾನೊಮೀಟರ್ ವ್ಯಾಸದ ನಳಿಕೆಯಲ್ಲಿ ಆ ಉದ್ದಕ್ಕೆ ಸುಮಾರು ಆರೂವರೆ ಲಕ್ಷ ಪರಮಾಣುಗಳಿರುತ್ತವೆ. ಅಷ್ಟರಲ್ಲಿ ಒಂದೇ ಒಂದು ತಪ್ಪು.

ದೋಷವೇ ಸಾಧನ

ಹೀಗೆ ದೋಷಗಳನ್ನು ಎಣಿಸುತ್ತಿದ್ದಂತೆಯೇ, ಅವನ್ನು ದುಡಿಸಿಕೊಳ್ಳಬಹುದೇ ಎಂಬ ಯೋಚನೆಯೂ ಬೆಳೆದಿತ್ತು. ಷಡ್ಭುಜಗಳ ನಡುವೆ ಒಂದು ಪಂಚಭುಜ ಮತ್ತು ಒಂದು ಸಪ್ತಭುಜ ಜೋಡಿಯಾಗಿ ಸೇರಿಕೊಂಡರೆ ಅಲ್ಲಿಂದಾಚೆ ಸುತ್ತುವಿಕೆಯೇ ಬದಲಾಗುತ್ತದೆ. ಈಚೆ ಲೋಹ, ಆಚೆ ಅರೆವಾಹಕ! 1996ರಲ್ಲಿ ಚಿಕೊ ಮತ್ತು ಸಂಗಡಿಗರು ಲೆಕ್ಕದಲ್ಲಿ ತೋರಿಸಿದ ಈ ಜೋಡಣೆಯನ್ನು 1999ರಲ್ಲಿ ಡೆಲ್ಫ್ಟ್ ತಂಡ ಮೊಣಕೈಯಂತೆ ಬಾಗಿದ ನಳಿಕೆಯೊಂದರಲ್ಲಿ ಅಳೆದು ನೋಡಿತು. ಅದು ಡಯೋಡಿನಂತೆ ಒಂದೇ ದಿಕ್ಕಿಗೆ ವಿದ್ಯುತ್ತನ್ನು ಸುಲಭವಾಗಿ ಬಿಡುತ್ತಿತ್ತು.

ಈ ಅಧ್ಯಾಯದಲ್ಲಿ ಬೆಂಗಳೂರಿನ ಪಾಲೂ ಇದೆ. 2000ದಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸಿ.ಎನ್.ಆರ್. ರಾವ್ ಅವರ ತಂಡ ನಿಕೆಲೊಸೀನ್ ಮತ್ತು ಥಯೊಫೀನ್‌ಗಳನ್ನು ಉಷ್ಣದಿಂದ ವಿಭಜಿಸಿ ಕವಲೊಡೆದ ನಳಿಕೆಗಳನ್ನು ಪಡೆಯಿತು. ಕವಲಿನ ಬಳಿ ಪ್ರವಾಹ ಎರಡು ದಿಕ್ಕಿಗೂ ಒಂದೇ ತೆರನಾಗಿರಲಿಲ್ಲ. 2003ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ಮತ್ತು ಶಂಕರ್ ಘೋಷ್, ರಾಮನ್ ಸಂಶೋಧನಾ ಸಂಸ್ಥೆಯ ಎನ್. ಕುಮಾರ್ ಅವರೊಡನೆ, ನಳಿಕೆಗಳ ಕಟ್ಟಿನ ಮೇಲೆ ದ್ರವ ಹರಿದರೆ ಹರಿವಿನ ದಿಕ್ಕಿನಲ್ಲಿ ವೋಲ್ಟೇಜ್ ಹುಟ್ಟುತ್ತದೆ ಎಂದು ತೋರಿಸಿದರು. ದ್ರವದಲ್ಲಿನ ಅಯಾನುಗಳ ಕ್ಷಣಕ್ಷಣಕ್ಕೂ ಬದಲಾಗುವ ವಿದ್ಯುತ್ ಕ್ಷೇತ್ರ ನಳಿಕೆಯ ವಿದ್ಯುದಂಶಗಳನ್ನು ತಳ್ಳುತ್ತದೆ ಎಂಬುದು ಅವರ ವಿವರಣೆ. ಎಲ್ಲ ಪರಮಾಣುಗಳೂ ಹೊರಮೈಯಲ್ಲಿರುವ ವಸ್ತುವಿಗಷ್ಟೇ ಸಾಧ್ಯವಾದ ಸೂಕ್ಷ್ಮತೆ ಇದು. ಇದೇ ಸೂಕ್ಷ್ಮತೆಯನ್ನು ಬಳಸಿ ಸ್ಟ್ಯಾನ್‌ಫರ್ಡ್ ತಂಡ 2000ದಲ್ಲಿ ನೈಟ್ರೊಜನ್ ಡೈಆಕ್ಸೈಡ್ ಮತ್ತು ಅಮೋನಿಯ ಅನಿಲಗಳ ಸಂವೇದಕ ಮಾಡಿತ್ತು.

ಗಣಕದ ಕಡೆಗೆ

ಇಷ್ಟಾದರೂ ನಳಿಕೆ ಸಿಲಿಕಾನಿನ ಜಾಗಕ್ಕೆ ಬರಲಿಲ್ಲ. ತಯಾರಿಕೆಯಲ್ಲಿ ಮೂರರಲ್ಲಿ ಒಂದು ಲೋಹದ ನಳಿಕೆ ಬಂದೇ ಬರುತ್ತದೆ, ಮತ್ತು ಅದು ಟ್ರಾನ್ಸಿಸ್ಟರನ್ನು ಆರಿಸಲು ಬಿಡುವುದಿಲ್ಲ. 2001ರಲ್ಲಿ ಐಬಿಎಂ ತಂಡ ಕ್ಷೇತ್ರವನ್ನೇ ಬಳಸಿ ಒಂದು ಉಪಾಯ ಹೂಡಿತು. ಮೊದಲು ವಿದ್ಯುತ್ ಕ್ಷೇತ್ರದಿಂದ ಅರೆವಾಹಕ ನಳಿಕೆಗಳನ್ನೆಲ್ಲ ಆರಿಸುವುದು, ಬಳಿಕ ಹೆಚ್ಚು ಪ್ರವಾಹ ಹಾಯಿಸಿ, ಅದನ್ನು ಹೊರುವ ಲೋಹದ ನಳಿಕೆಗಳನ್ನು ಸುಟ್ಟುಬಿಡುವುದು. ಇದೇ ತತ್ತ್ವವನ್ನು ಬೆಳೆಸಿ ಸ್ಟ್ಯಾನ್‌ಫರ್ಡ್‌ನ ಸುಭಾಶಿಶ್ ಮಿತ್ರ ಮತ್ತು ಫಿಲಿಪ್ ವಾಂಗ್ ಅವರ ತಂಡ 2013ರಲ್ಲಿ 178 ಟ್ರಾನ್ಸಿಸ್ಟರ್‌ಗಳ, ಎಣಿಕೆ ಮಾಡಬಲ್ಲ ಪುಟ್ಟ ಗಣಕವನ್ನು ಕಟ್ಟಿತು. 2019ರಲ್ಲಿ ಎಂಐಟಿಯ ಮ್ಯಾಕ್ಸ್ ಶುಲೇಕರ್ ಅವರ ತಂಡ 14,000ಕ್ಕೂ ಹೆಚ್ಚು ನಳಿಕೆ ಟ್ರಾನ್ಸಿಸ್ಟರ್‌ಗಳ 16 ಬಿಟ್ ಸಂಸ್ಕಾರಕವನ್ನು ನಡೆಸಿ ತೋರಿಸಿತು. ಸಾಮಾನ್ಯ ವಿನ್ಯಾಸಕ್ಕೆ ಶೇಕಡಾ 99.999999ರಷ್ಟು ಶುದ್ಧ ಅರೆವಾಹಕ ನಳಿಕೆಗಳು ಬೇಕಿದ್ದವು. ಅಷ್ಟು ಶುದ್ಧಿ ಕೈಗೆಟುಕುವಂತಿರಲಿಲ್ಲ. ಲೋಹದ ನಳಿಕೆಗಳಿಂದ ಯಾವ ಯಾವ ಜೋಡಣೆಗಳು ಹೆಚ್ಚು ಕೆಡುತ್ತವೆ ಎಂದು ಲೆಕ್ಕಹಾಕಿ, ಅವನ್ನು ಬಿಟ್ಟು ವಿನ್ಯಾಸ ಮಾಡಿದಾಗ ಶೇಕಡಾ 99.99 ಸಾಕಾಯಿತು. ದೋಷವನ್ನು ತೊಲಗಿಸುವ ಬದಲು ಅದನ್ನು ತಿಳಿದು ಅದರೊಡನೆ ಬಾಳುವ ದಾರಿ ಇದು.

ನಮ್ಮ ಪ್ರಯೋಗಾಲಯಗಳಲ್ಲಿ ನಾನು ಪ್ರತಿವರ್ಷ ಕಾಣುವ ದೃಶ್ಯವೊಂದಿದೆ. ರೇಖಾಚಿತ್ರದಲ್ಲಿ ಗೆರೆಯಿಂದ ಆಚೆ ಬಿದ್ದ ಒಂದು ಬಿಂದುವನ್ನು ವಿದ್ಯಾರ್ಥಿ ರಬ್ಬರಿನಿಂದ ಮೆಲ್ಲನೆ ಅಳಿಸಿಬಿಡುತ್ತಾನೆ. ಅಂಕ ಕಳೆಯುವ ನಮ್ಮ ಭಯವೇ ಅವನ ಕೈಗೆ ಆ ರಬ್ಬರನ್ನು ಕೊಟ್ಟಿದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಬಾಸೆಲ್‌ನ ಸಂಶೋಧಕರು ಆವರ್ತ ಅರ್ಧದಷ್ಟು ಬಂದಾಗ ಅದನ್ನು ಬಂದಂತೆಯೇ ಬರೆದರು. ನಳಿಕೆಯೊಳಗಿನ ದೋಷಗಳ ಸುದ್ದಿ ನಮಗೆ ತಿಳಿದದ್ದು ಆ ಅರ್ಧದಿಂದಲೇ.

ಅಂದು ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ಕೊನೆಗೆ ಹೇಳಿದ್ದು ಇಷ್ಟೆ: ಪಟ್ಟಿಯಲ್ಲಿ ನ್ಯಾನೊನಳಿಕೆಗೆ ಒಂದು ಜಾಗ ಹುಡುಕಬೇಡ, ಅದರ ಪಕ್ಕದಲ್ಲಿ ಅದರ ಸುತ್ತಮುತ್ತಲನ್ನೂ ಬರೆ.